ತೊಟ್ಟಿಲ ಪಟ್ಟಿಯ ನೊರೆ

ನಾಲ್ಕನೆಯ ಸಲ ನೀರು ಬದಲಿಸಿ, ತೊಟ್ಟಿಲ ಪಟ್ಟಿಯನ್ನು ಅದ್ದಿ ಎತ್ತಿ ಹಿಂಡಿದಳು ಬುರುಲ್ಚಾ. ನೊರೆ ಮತ್ತೆ ಬಂತು. ಬೆರಳ ಸಂದಿಯಿಂದ ಬೆಳ್ಳಗೆ ಉಕ್ಕಿ ಮಣಿಕಟ್ಟಿನವರೆಗೆ ಇಳಿಯಿತು. ಅವಳು ಅದನ್ನೇ ನೋಡಿದಳು. ಬೈಯೋಣವೆಂದರೆ ಯಾರನ್ನು ಬೈಯುವುದು? ನೊರೆಗೆ ಕಿವಿಯಿಲ್ಲ. ಕಿವಿಯಿರುವವರು ಒಳಗೆ ಒಲೆಯ ಪಕ್ಕ ಕೂತಿದ್ದರು, ಅವರನ್ನು ಬೈಯುವ ಹಾಗಿಲ್ಲ.

ನಲವತ್ತು ಲೀಟರಿನ ಅಲ್ಯೂಮಿನಿಯಂ ಕ್ಯಾನಿನಲ್ಲಿ ನೀರು ತಳ ಕಂಡಿತ್ತು. ಬೆಳಗಿನಿಂದ ಎರಡು ಕ್ಯಾನು ಮುಗಿದಿವೆ. ಇನ್ನೊಂದು ಬೇಕೆಂದರೆ ಕೈಗಾಡಿ ತಳ್ಳಿಕೊಂಡು ಬೀದಿಯ ತಿರುವಿನ ನಲ್ಲಿಗೆ ಹೋಗಬೇಕು. ನವೆಂಬರ್ ಕೊನೆ. ನಲ್ಲಿಯ ಸುತ್ತ ಮಂಜುಗಡ್ಡೆ ಕಟ್ಟಿದೆ. ಮೊನ್ನೆ ಅಲ್ಲಿಯೇ ಕಾಲು ಜಾರಿ ಮೊಣಕಾಲು ತರಚಿಕೊಂಡಿದ್ದಳು.

"ಇನ್ನೂ ಮುಗೀಲಿಲ್ವೇನಮ್ಮ?" ಒಳಗಿನಿಂದ ಅತ್ತೆ ಬಾತ್ಮಾ ಕೂಗಿದರು. "ಎರಡು ಸಲ ಜಾಲಿಸಿದ್ರೆ ಸಾಕು ಅಂತ ಎಷ್ಟು ಸಲ ಹೇಳೋದು. ಬಟ್ಟೆ ಸವೆದು ಹೋಗುತ್ತೆ."

"ನೊರೆ ಹೋಗ್ತಾ ಇಲ್ಲ ಅಪಾ." ಆ ಊರಲ್ಲಿ ಅಮ್ಮನನ್ನೂ ಅತ್ತೆಯನ್ನೂ ಕರೆಯುವುದು ಅಪಾ ಎಂದೇ.

"ನೊರೆ ಇದ್ರೆ ಒಳ್ಳೇದೇ. ಬಟ್ಟೆ ಶುದ್ಧವಾಗಿದೆ ಅಂತ ಅರ್ಥ."

ಬುರುಲ್ಚಾ ಹಲ್ಲು ಕಚ್ಚಿ ಪಟ್ಟಿಯನ್ನು ಹಗ್ಗದ ಮೇಲೆ ಎಸೆದಳು. ಚಳಿಗಾಳಿಗೆ ಅದು ನೋಡನೋಡುತ್ತಲೇ ಹೆಪ್ಪುಗಟ್ಟಿ ಹಲಗೆಯಂತೆ ಬಿರುಸಾಯಿತು.

ಇದೆಲ್ಲ ಶುರುವಾಗಿದ್ದು ಮೂರು ವಾರದ ಹಿಂದೆ. ಆ ಊರು ಕಿರ್ಗಿಜ್ ಬೆಟ್ಟಗಳ ನಡುವೆ, ನರೀನ್ ಹೊಳೆಯ ದಂಡೆಯಲ್ಲಿದೆ. ಅಲ್ಲಿಂದ ಪೇಟೆಗೆ ಕಲ್ಲಿದ್ದಲಿನ ಲಾರಿ ಓಡಿಸುವವನು ಬುರುಲ್ಚಾಳ ಗಂಡ ಎರ್ಮೆಕ್. ಒಂದು ಸಂಜೆ ಅವನು ನೀಲಿ ಬಣ್ಣದ ದೊಡ್ಡ ಬಾಟಲಿ ಹಿಡಿದುಕೊಂಡು ಬಂದ. ಒಗೆಯುವ ಹೊಸ ಸೋಪು. ಪುಡಿಯಲ್ಲ, ಜೇನಿನಂತೆ ಗಟ್ಟಿಯಾದ ಲಿಕ್ವಿಡ್ಡು.

"ಅಪಾ, ಪುಡಿ ಕಾಲ ಮುಗೀತು," ಎಂದ ಎರ್ಮೆಕ್. "ಇದೊಂದು ಬಾಟ್ಲೀಲಿ ನಲವತ್ತು ಸಲ ಒಗೀಬಹುದಂತೆ. ಅಂಗಡಿಯವನು ಹೇಳಿದ."

ಬಾತ್ಮಾ ಮುಚ್ಚಳ ತೆಗೆದು ಮೂಸಿದರು. "ಸೇಬಿನ ವಾಸನೆ. ಇದು ಒಗೆಯೋದೋ ಕುಡಿಯೋದೋ?"

ಬುರುಲ್ಚಾ ಬಾಟಲಿಯನ್ನು ದೀಪಕ್ಕೆ ಹಿಡಿದು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಳು. "ಅಪಾ, ಹತ್ತು ಲೀಟರ್ ನೀರಿಗೆ ಅರ್ಧ ಮುಚ್ಚಳ ಹಾಕಿ ಅಂತ ಬರೆದಿದ್ದಾರೆ. ತುಂಬ ಗಟ್ಟಿ ಮಾಡಿರೋದಂತೆ. ಮೊದಲ ಸಲ ಒಂದೇ ಒಂದು ಬಟ್ಟೆ ಒಗೆದು ನೋಡಿ ಅಂತಾನೂ ಇದೆ."

"ಅರ್ಧ ಮುಚ್ಚಳ?" ಬಾತ್ಮಾ ಮುಚ್ಚಳವನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದರು. "ಗುಬ್ಬಚ್ಚಿ ಮುಖ ತೊಳೆಯೋಕೆ ಸಾಲುತ್ತೆ. ಈ ಮನೇಲಿ ಯಾವತ್ತೂ ಯಾರೂ ಅಳೆದು ಹಾಕಿದ್ದಿಲ್ಲಮ್ಮ. ಹಿಟ್ಟಾಗಲಿ, ಕೊಬ್ಬಾಗಲಿ. ನಿಮ್ಮ ತವರಲ್ಲಿ ಅಳೀತಿದ್ರೇನೋ."

ಬುರುಲ್ಚಾ ಬಾಟಲಿಯನ್ನು ಕೆಳಗಿಟ್ಟಳು. ಸೊಸೆಯಾದವಳು ಒಂದು ಮಾತನ್ನು ಒಂದು ಸಲ ಹೇಳಬಹುದು. ಎರಡನೇ ಸಲ ಹೇಳಿದರೆ ಅದು ವಾದ. ಮೂರನೇ ಸಲ ಹೇಳಿದರೆ ಆ ಮಾತು ಹೊರಟು ಅವಳ ತಾಯಿಯ ಮನೆ ಬಾಗಿಲು ತಟ್ಟುತ್ತದೆ. ಮದುವೆಯಾದ ಎರಡು ವರ್ಷದಲ್ಲಿ ಅವಳು ಕಲಿತ ಲೆಕ್ಕ ಇದು.

ಎರ್ಮೆಕ್ ಬೂಟು ಬಿಚ್ಚುತ್ತ ಗೋಡೆ ನೋಡಿದ. ತಾಯಿಯೂ ಹೆಂಡತಿಯೂ ಒಂದೇ ಕೋಣೆಯಲ್ಲಿ ಮಾತಾಡುವಾಗ ಅವನಿಗೆ ಗೋಡೆಯ ಮೇಲೆ ಬಹಳ ಆಸಕ್ತಿ.

ಮರುದಿನ ಬಾತ್ಮಾ ತಾವೇ ಟಬ್ಬಿನ ಮುಂದೆ ನಿಂತರು. ಅವರು ಅಳತೆಗೆ ತಂದದ್ದು ಚಹಾ ಕುಡಿಯುವ ಪಿಯಾಲೆ. ಒಂದು ಪಿಯಾಲೆ ತುಂಬ ಲಿಕ್ವಿಡ್ ಸುರಿದರು. ನೀರನ್ನು ಕೈಯಿಂದ ಕದಡಿ ನೋಡಿದರು. ಪುಡಿ ಹಾಕಿದಾಗ ಏಳುವಂಥ ನೊರೆಯ ಬೆಟ್ಟ ಏಳಲಿಲ್ಲ.

"ನೋಡಿದ್ಯಾ? ಅಂಗಡಿಯವನು ನನ್ನ ಮಗನಿಗೆ ನೀರು ಮಾರಿದಾನೆ," ಎಂದು ಇನ್ನೊಂದು ಪಿಯಾಲೆ ಸುರಿದರು. ಆಮೇಲೆ ಎದ್ದಿತು ನೊರೆ. ಬಾತ್ಮಾ ಮುಖ ಅರಳಿತು. ಮುಚ್ಚಳ ಇನ್ನು ಬೇಡವೆಂದು ಅದರಲ್ಲಿ ತಮ್ಮ ಸೂಜಿಗಳನ್ನು ಹಾಕಿ ಕಿಟಕಿಯಲ್ಲಿಟ್ಟರು. ಬಾಟಲಿಯ ಬಾಯಿಗೆ ಚಿಂದಿ ತುರುಕಿದರು. ನಲವತ್ತು ಸಲ ಬರಬೇಕಾಗಿದ್ದ ಬಾಟಲಿ ನಾಲ್ಕೇ ಸಲಕ್ಕೆ ಬರಿದಾಯಿತು. ಎರ್ಮೆಕ್ ಇನ್ನೊಂದು ತಂದ, ಅದು ಮುಗಿದ ಮೇಲೆ ಮತ್ತೊಂದು. ಅವುಗಳ ಬಾಯಿಗೂ ಚಿಂದಿಯೇ ಬಂತು.

ಇಷ್ಟೇ ಆಗಿದ್ದರೆ ಬುರುಲ್ಚಾ ನೀರು ಹೊತ್ತುಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಒಂಬತ್ತನೇ ದಿನ ಮಗುವಿನ ಮೈಮೇಲೆ ದದ್ದು ಎದ್ದಿತು.

ಮಗು ಅದಿಲೆತ್‌ಗೆ ಐದು ತಿಂಗಳು. ಅವನು ಮಲಗುವುದು ಮರದ ತೊಟ್ಟಿಲಲ್ಲಿ. ಬಾತ್ಮಾರ ನಾಲ್ಕು ಮಕ್ಕಳೂ ಮಲಗಿದ ತೊಟ್ಟಿಲದು. ಮಗುವಿಗೆ ಬಟ್ಟೆ ಸುತ್ತಿ ಮಲಗಿಸಿ, ಎದೆಯ ಮೇಲೊಂದು ಮೊಣಕಾಲ ಮೇಲೊಂದು ಅಗಲದ ಪಟ್ಟಿ ಹಾಯಿಸಿ ಕಟ್ಟಬೇಕು. ಆಗ ಕೈಕಾಲು ಬೆಚ್ಚಿಬೀಳದೆ ಮಗು ಗಂಟೆಗಟ್ಟಲೆ ನಿದ್ದೆ ಮಾಡುತ್ತದೆ. ಈಗ ಆ ಮಗು ಅರ್ಧ ಗಂಟೆಗೊಮ್ಮೆ ಕಿರುಚಿ ಏಳುತ್ತಿತ್ತು. ಬಿಚ್ಚಿ ನೋಡಿದರೆ ಮೈಯೆಲ್ಲ ಕೆಂಪು.

"ಕಣ್ಣು ತಾಗಿದೆ," ಎಂದರು ಬಾತ್ಮಾ ತಕ್ಷಣ.

ಅರ್ಚಾ ಗಿಡದ ಒಣಕಡ್ಡಿ ಹಚ್ಚಿ ತೊಟ್ಟಿಲ ಸುತ್ತ ಹೊಗೆ ಹಿಡಿದರು. ಒಲೆಗೆ ಉಪ್ಪು ಎಸೆದರು. ಟೊಪ್ಪಿಗೆಗೆ ಕಪ್ಪು ಬಿಳುಪಿನ ಮಣಿ ಹೊಲಿದರು. ದದ್ದು ಹೋಗಲಿಲ್ಲ. ಆಮೇಲೆ ಬುರುಲ್ಚಾಳ ಹಾಲಿನ ಮೇಲೆ ಸಂಶಯ ಬಂತು. ಈರುಳ್ಳಿ ಬಿಡು ಎಂದರು, ಬಿಟ್ಟಳು. ಕೊಬ್ಬಿನ ಮಾಂಸ ಬಿಡು ಎಂದರು, ಬಿಟ್ಟಳು. ಬರೀ ರೊಟ್ಟಿ ಚಹಾದಲ್ಲಿ ಅವಳ ಮುಖ ಒಣಗಿತೇ ಹೊರತು ಮಗುವಿನ ಮೈ ಒಣಗಲಿಲ್ಲ.

ಕೊನೆಗೆ ಒಂದು ದಿನ ಹಿಟ್ಟು ನಾದುತ್ತ ಬಾತ್ಮಾ ಹೇಳಿದರು: "ನಿನ್ನ ತಾಯಿ ಬಂದು ಹೋದ ಮೇಲೇ ಇದು ಶುರುವಾಗಿದ್ದು. ಎಷ್ಟು ದುಂಡಗಿದಾನೆ, ಎಷ್ಟು ಬೆಳ್ಳಗಿದಾನೆ ಅಂದ್ರು. ಥೂ ಅಂತ ಒಂದು ಸಲ ಉಗೀಲಿಲ್ಲ. ಬೇಕೂ ಅಂತ ಮಾಡಿದ್ರು ಅನ್ನಲ್ಲ ನಾನು. ಆದ್ರೆ ಮಗು ವಾಸಿಯಾಗೋವರೆಗೂ ಆ ಕಡೆಯವರು ಈ ಕಡೆ ಬರೋದು ಬೇಡ. ನೀನೂ ಹೋಗೋದು ಬೇಡ."

ಆ ತಿಂಗಳು ಮಗುವನ್ನು ಎತ್ತಿಕೊಂಡು ಮೊದಲ ಸಲ ತವರಿಗೆ ಹೋಗಬೇಕಿತ್ತು ಬುರುಲ್ಚಾ. ಅವಳ ತಾಯಿ ಆ ದಿನಕ್ಕೆಂದೇ ಹೊಸ ಹಾಸುಗೆ ಹೊಲಿದಿಟ್ಟಿದ್ದಳು.

"ಅಪಾ, ಸೋಪು ಬದಲಾದ ಮೇಲೆ ಅಲ್ವಾ ದದ್ದು ಬಂದಿದ್ದು?" ಎಂದಳು ಬುರುಲ್ಚಾ. ಒಂದೇ ಸಲ.

"ಸೋಪು ಕೊಳೆ ತೆಗೆಯುತ್ತಮ್ಮ, ಕೊಳೆ ತರಲ್ಲ," ಎಂದರು ಬಾತ್ಮಾ. "ಕೊಳೆಯಿಂದಲೂ ದದ್ದಾಗುತ್ತೆ. ನಾಳೆಯಿಂದ ಮಗುವಿನ ಬಟ್ಟೆಗೆ ಇನ್ನೊಂದು ಪಿಯಾಲೆ ಜಾಸ್ತಿ ಹಾಕು."

ದದ್ದು ಹೆಚ್ಚಿತು, ಸೋಪು ಹೆಚ್ಚಿತು. ಸೋಪು ಹೆಚ್ಚಿತು, ದದ್ದು ಇನ್ನೂ ಹೆಚ್ಚಿತು. ಗಾಣದೆತ್ತಿನಂತೆ ಅವಳು ನಲ್ಲಿಗೂ ಮನೆಗೂ ಸುತ್ತಿದಳು. ಮಗು ಕೆರೆದುಕೊಳ್ಳದಿರಲೆಂದು ಬಾತ್ಮಾ ಪಟ್ಟಿಯನ್ನು ಇನ್ನಷ್ಟು ಬಿಗಿದರು.

ಹಲಗೆಯಾದ ಪಟ್ಟಿಯನ್ನು ನೋಡುತ್ತ ಬುರುಲ್ಚಾ ಅಂಗಳದಲ್ಲಿ ನಿಂತಿದ್ದಾಗಲೇ ಗೇಟು ಕಿರುಗುಟ್ಟಿತು. ಬಂದವಳು ಊರಿನ ಆರೋಗ್ಯ ಕೇಂದ್ರದ ದಾದಿ ರಾಕಿಯಾ. ಐವತ್ತು ದಾಟಿದ ಹೆಂಗಸು, ಹೆಗಲಿಗೆ ಚೀಲ, ಕೈಯಲ್ಲಿ ಮಗು ತೂಗುವ ತಕ್ಕಡಿ.

"ತೂಕದ ದಿನ ನೀನು ಬರಲಿಲ್ಲ. ಅದಕ್ಕೇ ತಕ್ಕಡೀನೇ ನಿಮ್ಮ ಮನೆಗೆ ಬಂತು," ಎಂದಳು ರಾಕಿಯಾ. ಬುರುಲ್ಚಾಳ ಕೈ ನೋಡಿ ಅಲ್ಲೇ ನಿಂತಳು. ಬೆರಳುಗಳು ಕೆಂಪಾಗಿ ಸಿಪ್ಪೆ ಎದ್ದಿದ್ದವು. "ಇದೇನು ಕೈ ಇದು?"

"ಏನಿಲ್ಲ ಅಕ್ಕ. ಚಳಿ."

ಬಾತ್ಮಾ ಬಾಗಿಲಿಗೆ ಅಡ್ಡ ಬಂದರು. "ಮಗು ಮಲಗಿದೆ ರಾಕಿಯಾ. ಕಣ್ಣು ತಾಗಿದೆ. ಹೊರಗಿನವರು ನೋಡೋದು ಬೇಡ."

"ಬಾತ್ಮಾ ಅಕ್ಕ, ನಾನು ಹೊರಗಿನವಳಾ? ನಿಮ್ಮ ಎರ್ಮೆಕ್‌ಗೆ ಮೊದಲನೇ ಚುಚ್ಚುಮದ್ದು ಹಾಕಿದ್ದು ನಾನು. ಅವನು ನನ್ನ ಹೊಸ ಲಂಗದ ಮೇಲೆ ಉಚ್ಚೆ ಹೊಯ್ದಿದ್ದ. ಅದಕ್ಕಿಂತ ಹತ್ತಿರದ ನೆಂಟಸ್ತನ ಬೇಕಾ ನಿಮಗೆ?"

ಬಾತ್ಮಾ ಗೊಣಗುತ್ತ ದಾರಿ ಬಿಟ್ಟರು.

ರಾಕಿಯಾ ಕೈ ತೊಳೆದು, ಒಲೆಗೆ ಹಿಡಿದು ಬೆಚ್ಚಗೆ ಮಾಡಿಕೊಂಡು ತೊಟ್ಟಿಲ ಪಟ್ಟಿ ಬಿಚ್ಚಿದಳು. ಬಟ್ಟೆ ಬಿಡಿಸಿ ಮಗುವನ್ನು ಬೆಳಕಿಗೆ ತಂದಳು. ಕೆನ್ನೆ, ಕತ್ತು, ತೋಳು ನೋಡಿದಳು. ಅಲ್ಲೆಲ್ಲ ಸಣ್ಣ ಕೆಂಪು, ಅಷ್ಟೆ. ಆದರೆ ಎದೆಯ ಮೇಲೆ ಅಂಗೈಯಗಲದ ಗೆರೆ, ಮೊಣಕಾಲ ಮೇಲೆ ಇನ್ನೊಂದು ಗೆರೆ. ಎರಡೂ ಹಸಿ ಹಸಿ ಕೆಂಪು, ಅಂಚು ಎಳೆದು ಗೀಚಿದಂತೆ ನೇರ.

"ಬಾತ್ಮಾ ಅಕ್ಕ, ಇಲ್ಲಿ ಬನ್ನಿ. ಈ ಗೆರೆ ನೋಡಿ."

"ನೋಡಿದ್ದೀನಿ."

"ಕಣ್ಣು ತಾಗಿದ್ರೆ ಇಡೀ ಮಗುವಿಗೆ ತಾಗ್ಬೇಕಲ್ವಾ? ಪಟ್ಟಿ ಕಟ್ಟೋ ಜಾಗ ನೋಡಿಕೊಂಡು, ಅಂಚು ಬಿಟ್ಟು, ಅಷ್ಟೇ ಅಗಲಕ್ಕೆ ತಾಗೋ ಕಣ್ಣು ಯಾವುದು? ದರ್ಜಿಯ ಕಣ್ಣಾ?"

"ಕಣ್ಣು ಹೇಗೆ ನೋಡುತ್ತೋ ನಿನಗೇನು ಗೊತ್ತು. ನೀನು ಪುಸ್ತಕ ಓದಿದವಳು," ಎಂದರು ಬಾತ್ಮಾ. ಆದರೆ ಮತ್ತೊಂದು ಸಲ ಬಗ್ಗಿ ನೋಡಿದರು.

ರಾಕಿಯಾ ಬುರುಲ್ಚಾಳ ಕಡೆ ತಿರುಗಿದಳು. "ಯಾವ ಸೋಪಲ್ಲಿ ಒಗೀತೀರಿ?"

ಬುರುಲ್ಚಾ ನೀಲಿ ಬಾಟಲಿ ತಂದು ಮುಂದಿಟ್ಟಳು. ಬಾಯಿಗೆ ಚಿಂದಿ ತುರುಕಿದ ಬಾಟಲಿ. ರಾಕಿಯಾ ಅದನ್ನೂ ನೋಡಿದಳು, ಮಗುವನ್ನೂ ನೋಡಿದಳು, ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಈ ತಿಂಗಳಲ್ಲಿ ಇದು ಮೂರನೇ ಮನೆ. ಎಷ್ಟು ಹಾಕ್ತೀರಿ?"

"ಎರಡು ಪಿಯಾಲೆ," ಎಂದರು ಬಾತ್ಮಾ. ಸ್ವಲ್ಪ ಹೆಮ್ಮೆಯೂ ಇತ್ತು ದನಿಯಲ್ಲಿ. "ಮಗುವಿನ ಬಟ್ಟೆಗೆ ಮೂರು."

"ಅಕ್ಕ, ಒಂದು ಒಗೆದ ಪಟ್ಟಿ ಕೊಡಿ. ಹಗ್ಗದ ಮೇಲಿರೋದಲ್ಲ. ಒಣಗಿ ಮಡಚಿಟ್ಟಿರೋದು."

ಬಾತ್ಮಾ ಪೆಟ್ಟಿಗೆ ತೆರೆದು ಅಚ್ಚುಕಟ್ಟಾಗಿ ಮಡಚಿದ ಪಟ್ಟಿಯೊಂದನ್ನು ತೆಗೆದು, ತಾವೇ ಮೊದಲು ಮೂಸಿ, ಕೊಟ್ಟರು. "ನೋಡು. ವಾರ ಆಯ್ತು, ಸೇಬಿನ ವಾಸನೆ ಇನ್ನೂ ಹೋಗಿಲ್ಲ. ಅಷ್ಟು ಚೆನ್ನಾಗಿ ಒಗೆದಿದ್ದೀವಿ."

ರಾಕಿಯಾ ಒಂದು ಬೋಗುಣಿ ತರಿಸಿದಳು. ಕೆಟಲಿನಿಂದ ಬಿಸಿನೀರು, ಕ್ಯಾನಿನಿಂದ ತಣ್ಣೀರು ಬೆರೆಸಿದಳು. "ಇದರಲ್ಲಿ ಏನಾದ್ರೂ ಇದೆಯಾ?"

"ಏನಿರುತ್ತೆ? ಬರೀ ನೀರು."

"ನೀವೇ ಅದ್ದಿ. ಆಮೇಲೆ ನಾನು ಏನೋ ಮಾಡಿದೆ ಅನ್ಬೇಡಿ."

ಬಾತ್ಮಾ ಪಟ್ಟಿಯನ್ನು ನೀರಿಗೆ ಹಾಕಿ ಹಿಸುಕಿದರು. ಒಂದು ಸಲ, ಎರಡು ಸಲ. ನೀರಿನ ಮೇಲೆ ಬೆಳ್ಳಗೆ ನೊರೆ ಕಟ್ಟಿತು. ಇನ್ನೊಂದು ಸಲ ಹಿಸುಕಿದಾಗ ಬೋಗುಣಿಯ ಅಂಚಿನವರೆಗೂ ಎದ್ದಿತು.

ರಾಕಿಯಾ ಬೋಗುಣಿಯನ್ನು ಬೆಳಕಿಗೆ ಸರಿಸಿದಳು.

"ಒಗೆದು ವಾರ ಆಗಿದೆ ಅಂದ್ರಿ," ಎಂದಳು ರಾಕಿಯಾ ನಿಧಾನವಾಗಿ. "ಇದು ಯಾರ ಮನೆ ಸೋಪು? ಬಟ್ಟೆಯೊಳಗೇ ಕೂತಿದೆ ಅಕ್ಕ. ಒಣಗಿದಾಗ ಕಾಣಲ್ಲ. ಮಗುವಿಗೆ ಬಿಗಿದು ಕಟ್ತೀರಿ, ಒಲೆ ಪಕ್ಕದ ಶೆಕೆಗೆ ಮಗು ಬೆವರುತ್ತೆ. ಬೆವರು ತಾಗಿದ್ರೆ ಸೋಪು ಕರಗುತ್ತೆ. ಹಗಲೂ ರಾತ್ರಿ ಎಳೆ ಚರ್ಮದ ಮೇಲೆ ಸೋಪು ಕುಳಿತಿರುತ್ತೆ. ನಿಮ್ಮ ಸೊಸೆಯ ಕೈ ನೋಡಿ. ಅವಳದು ದೊಡ್ಡವರ ಚರ್ಮ, ಅದೇ ಹೀಗಾಗಿದೆ."

ಬಾತ್ಮಾ ನೀರಿನಲ್ಲಿ ಬೆರಳು ತಿಕ್ಕಿ ನೋಡಿಕೊಂಡರು. ಜಾರುತ್ತಿತ್ತು. ಮುಖ ಗಟ್ಟಿ ಮಾಡಿಕೊಂಡರು.

"ನಾಲ್ಕು ಮಕ್ಕಳನ್ನ ಇದೇ ತೊಟ್ಟಿಲಲ್ಲಿ ಬೆಳೆಸಿದೀನಿ."

"ಯಾವ ಸೋಪಲ್ಲಿ ಒಗೀತಿದ್ರಿ ಆಗ?"

"ಸೋಪೆಲ್ಲಿತ್ತು ಆಗ?" ಬಾತ್ಮಾ ಪಟ್ಟಿಯನ್ನು ಕೈಬಿಡದೆ ಹೇಳಿದರು. "ನನ್ನತ್ತೆ ಕುರಿಕೊಬ್ಬು, ಬೂದಿ ಕುದಿಸಿ ಕರೀ ಸೋಪು ಮಾಡ್ತಿದ್ರು. ಅಕ್ರೋಟಿನಷ್ಟು ಗಾತ್ರದ ಉಂಡೆ ಕೊಡೋರು. ಏಳು ಜನರ ಬಟ್ಟೆಗೆ ಅಷ್ಟೇ. ಮತ್ತೆ ಕೇಳೋ ಹಾಗಿಲ್ಲ. ಕಾಲುವೆಯ ಐಸು ಒಡೆದು ಒಗೀತಿದ್ದೆ. ಒಂದಿಷ್ಟು ನೊರೆ ಬರಲಿ ಅಂತ ಗೆಣ್ಣಲ್ಲಿ ರಕ್ತ ಬರೋವರೆಗೂ ಉಜ್ಜಿದೀನಿ. ನನ್ನ ಮೊಮ್ಮಗನ ಬಟ್ಟೆಗೂ ಅಳೆದು ಹಾಕ್ಬೇಕಾ ನಾನು?"

ಬುರುಲ್ಚಾ ಅತ್ತೆಯ ಕೈ ನೋಡಿದಳು. ಗೆಣ್ಣುಗಳ ಮೇಲೆ ಹಳೆಯ ಬಿಳಿ ಕಲೆಗಳು. ಎರಡು ವರ್ಷದಿಂದ ಆ ಕೈ ಸುರಿಯುವುದನ್ನೇ ನೋಡಿದ್ದಳು, ಕಲೆಗಳನ್ನು ನೋಡಿರಲಿಲ್ಲ. ಅವಳ ಸಿಟ್ಟು ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು. ಅದರಿಂದ ಅವಳಿಗೆ ಇನ್ನಷ್ಟು ಕಿರಿಕಿರಿಯೇ ಆಯಿತು. ಪೂರ್ತಿ ಸಿಟ್ಟು ಮಾಡಿಕೊಳ್ಳುವ ಸುಖವೂ ಇಲ್ಲವಾಯಿತಲ್ಲ.

ಬಾತ್ಮಾ ಎದ್ದು ಹೋಗಿ ಚಹಾ ಬಗ್ಗಿಸಿದರು. ಏನೇ ಜಗಳವಿದ್ದರೂ ಮನೆಗೆ ಬಂದವಳು ಬಂದವಳೇ. ಕರಿದ ರೊಟ್ಟಿಯ ತುಂಡುಗಳನ್ನು ಊಟದ ಹಾಸುಬಟ್ಟೆಯ ಮೇಲೆ ಸುರಿದು, ಪಿಯಾಲೆಯನ್ನು ಎರಡೂ ಕೈಯಲ್ಲಿ ಹಿಡಿದು ರಾಕಿಯಾಗೆ ಕೊಟ್ಟರು. ತಳದಲ್ಲಿ ಎರಡು ಬೆರಳಷ್ಟು ಚಹಾ.

ರಾಕಿಯಾ ಪಿಯಾಲೆಯೊಳಗೆ ನೋಡಿದಳು. "ಬಾತ್ಮಾ ಅಕ್ಕ, ನಿಮ್ಮ ಕೈ ಯಾವಾಗಿಂದ ಗಿಡ್ಡ ಆಯ್ತು? ಇಷ್ಟೇ ಇಷ್ಟು ಕೊಟ್ಟಿದ್ದೀರಿ."

"ಏನು ಮಾತಾಡ್ತೀಯ?" ಬಾತ್ಮಾಗೆ ನಿಜಕ್ಕೂ ನೋವಾಯಿತು. "ಪಿಯಾಲೆ ತುಂಬ ತುಂಬಿಸಿ ಕೊಡೋಕೆ ನೀನೇನು ಓಡಿಸಬೇಕಾದ ನೆಂಟಳಾ? ಸ್ವಲ್ಪ ಸ್ವಲ್ಪ ಕೊಟ್ರೆ ಬಿಸಿ ಇರುತ್ತೆ, ನೀನು ಮತ್ತೆ ಮತ್ತೆ ಕೈ ಚಾಚ್ತೀಯ, ನಾನು ಮತ್ತೆ ಮತ್ತೆ ಕೊಡ್ತೀನಿ. ತುಂಬಿಸಿ ಕೊಟ್ರೆ ಕುಡಿದು ಎದ್ದು ಹೋಗು ಅಂದ ಹಾಗೆ. ಚಿಕ್ಕ ಮಕ್ಕಳಿಗೂ ಗೊತ್ತು ಇದು."

"ಅಂದ್ರೆ ಮರ್ಯಾದೆ ಇದ್ದ ಕಡೆ ಸ್ವಲ್ಪ ಹಾಕ್ತೀರಿ."

"ಹೌದು."

"ತುಂಬ ಹಾಕಿದ್ರೆ ಅವಮಾನ."

"ಹೌದಮ್ಮ, ಹೌದು."

ರಾಕಿಯಾ ಚಹಾ ಕುಡಿದಳು. ಬಾತ್ಮಾ ಕಿಟಕಿಯಲ್ಲಿದ್ದ ಇನ್ನೊಂದು ಪಿಯಾಲೆಯನ್ನು ನೋಡಿದರು. ಮೂರು ವಾರದಿಂದ ಅಳತೆಗೆ ಬಳಸುತ್ತಿದ್ದುದು ಅದೇ. ಅಂಚಿನಲ್ಲಿ ಸಣ್ಣ ಬಿರುಕು ಇತ್ತು. ತೊಟ್ಟಿಲಿನ ಕಡೆ ನೋಡಿದರು. ಬಿಚ್ಚಿಟ್ಟ ಮಗು ಬರಿಮೈಯಲ್ಲಿ ಕಾಲು ಬಡಿಯುತ್ತ, ಎಷ್ಟೋ ದಿನದ ಮೇಲೆ ಅಳದೆ ಮಲಗಿತ್ತು.

"ಹಾಗಾದ್ರೆ," ಎಂದರು ಬಾತ್ಮಾ ಮೆಲ್ಲಗೆ, "ನಾನು ದಿನಾ ಪಿಯಾಲೆ ತುಂಬಿಸಿ ನನ್ನ ಮೊಮ್ಮಗನಿಗೆ ಎದ್ದು ಹೋಗು ಅಂತಿದ್ದೆ ಅನ್ನು."

"ನಾನು ಹಾಗಂದೆನಾ?"

"ನೀನು ಅನ್ನಲಿಲ್ಲ. ಅನ್ನೋ ಹಾಗೆ ಮಾಡಿದೆ. ಅದಕ್ಕೇ ನಿನ್ನನ್ನ ಕಂಡ್ರೆ ನನಗಾಗಲ್ಲ." ರಾಕಿಯಾಳ ಪಿಯಾಲೆಗೆ ಮತ್ತೆ ಎರಡು ಬೆರಳು ಚಹಾ ಹಾಕಿದರು. "ಹೇಳು, ಹೇಗೆ ಮಾಡ್ಬೇಕು?"

ರಾಕಿಯಾ ಹೇಳಿದಳು. ತೊಟ್ಟಿಲ ಬಟ್ಟೆಯೆಲ್ಲ ಸೋಪಿಲ್ಲದೆ ಬರೀ ಬಿಸಿನೀರಿನಲ್ಲಿ ಮೊದಲು ಜಾಲಿಸಬೇಕು, ನೊರೆ ನಿಲ್ಲುವವರೆಗೂ. ಆಮೇಲೆ ಒಗೆಯುವಾಗ ಬಾಟಲಿಯ ಮೇಲೆ ಬರೆದಷ್ಟೇ ಸೋಪು. ಮಗುವಿನದು ಬೇರೆ ಟಬ್ಬು. ಮೂರು ಸಲ ಜಾಲಿಸುವುದು. ಕೊನೆಯ ನೀರಿನಲ್ಲಿ ಬೆರಳು ತಿಕ್ಕಿ ನೋಡಿದರೆ ಜಾರಬಾರದು. ಒಂದು ವಾರ ಪಟ್ಟಿ ಬೇಡ, ಮಗು ಹಾಸುಗೆಯ ಮೇಲೆ ಬಿಡಿಯಾಗಿ ಮಲಗಲಿ. ಚೀಲದಿಂದ ಒಂದು ಮುಲಾಮು ಕೊಟ್ಟಳು.

"ನಾಲ್ಕೈದು ದಿನದಲ್ಲಿ ಇಳೀಬೇಕು. ಇಳೀಲಿಲ್ಲ ಅಂದ್ರೆ, ನೀರು ಸೋರಿದ್ರೆ, ಜ್ವರ ಬಂದ್ರೆ, ಹೊಗೆ ಹಿಡೀತಾ ಕೂರಬೇಡಿ. ನನ್ನ ಹತ್ತಿರ ಕರ್ಕೊಂಡು ಬನ್ನಿ. ಎಲ್ಲಾ ದದ್ದೂ ಸೋಪಿಂದೇ ಆಗಿರಲ್ಲ. ಇನ್ನೊಂದು ಮಾತು, ಈ ಬಾಟ್ಲಿಗೆ ಚಿಂದಿ ತುರುಕಿ ನೆಲದ ಮೇಲಿಡ್ಬೇಡಿ. ಸೇಬಿನ ವಾಸನೆ ಇದೆ. ನಾಳೆ ಈ ಪುಂಡ ಅಂಬೆಗಾಲಿಡ್ತಾನೆ. ಮುಚ್ಚಳ ಎಲ್ಲಿ?"

ಬುರುಲ್ಚಾ ಕಿಟಕಿಯಿಂದ ಮುಚ್ಚಳ ತಂದು, ಸೂಜಿಗಳನ್ನು ಅತ್ತೆಯ ಕೈಗೆ ಸುರಿದಳು.

"ಈ ಸೂಜಿ ಎಲ್ಲಿಡಲಿ ಈಗ?" ಎಂದರು ಬಾತ್ಮಾ, ಜಗತ್ತಿನಲ್ಲಿ ಉಳಿದ ತೊಂದರೆ ಅದೊಂದೇ ಎಂಬಂತೆ.

ಮರುದಿನ ಎರ್ಮೆಕ್‌ನನ್ನು ಎಬ್ಬಿಸಿ ನಾಲ್ಕು ಕ್ಯಾನು ನೀರು ತರಿಸಿದವರು ಬಾತ್ಮಾ ಅವರೇ. ಬುರುಲ್ಚಾ ಟಬ್ಬಿಗೆ ಅರ್ಧ ಮುಚ್ಚಳ ಹಾಕಿದಾಗ ಹದ್ದಿನಂತೆ ನೋಡುತ್ತ ಕೂತರು. ಮೊದಲು ಒಂದೇ ಬಟ್ಟೆ ಹಾಕು ಎಂದರು. ಅದಕ್ಕೆ ಅವರು ಆರಿಸಿ ತಂದದ್ದು ಎರ್ಮೆಕ್‌ನ ಕಲ್ಲಿದ್ದಲಿನ ಅಂಗಿ. ಇಡೀ ಮನೆಯಲ್ಲಿ ಅದಕ್ಕಿಂತ ಕೊಳಕಾದದ್ದು ಇರಲಿಲ್ಲ. ಸೋಪು ಸೋಲಲಿ ಎಂಬ ಸಣ್ಣ ಆಸೆ ಅವರಿಗೆ ಇನ್ನೂ ಇತ್ತು.

ನೊರೆ ಹೆಚ್ಚು ಏಳಲಿಲ್ಲ. ಆದರೆ ನೀರು ಮಸಿಯಂತೆ ಕಪ್ಪಾಯಿತು. ಅಂಗಿಯ ಕಾಲರು ಬೆಳ್ಳಗಾಯಿತು. ಬಾತ್ಮಾ ಅದನ್ನು ಬೆಳಕಿಗೆ ಹಿಡಿದು ಒಳಗೆ ಹೊರಗೆ ನೋಡಿದರು. ಮೂಸಿದರು. ನಾಲಿಗೆ ತಾಗಿಸಿ ನೋಡುತ್ತಾರೇನೋ ಎಂದು ಬುರುಲ್ಚಾಗೆ ಭಯವಾಯಿತು.

"ನೊರೆ ಇಲ್ಲದೆ ಹೇಗೆ ಹೋಯ್ತು ಕೊಳೆ?"

"ಕೊಳೆ ತೆಗೆಯೋದು ಸೋಪು ಅಪಾ, ನೊರೆ ಅಲ್ಲ."

ಆಮೇಲೆ ಮಗುವಿನ ಬಟ್ಟೆ. ಮೂರನೇ ಸಲ ಜಾಲಿಸಿದ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಒಲೆಯ ಪಕ್ಕದ ಹಗ್ಗಕ್ಕೆ ಹಾಕಿದ ಪಟ್ಟಿ ಒಣಗಿದ ಮೇಲೆ ಕುರಿಮರಿಯ ಕಿವಿಯಷ್ಟು ಮೆತ್ತಗಾಯಿತು.

ಐದನೇ ದಿನಕ್ಕೆ ಎದೆಯ ಮೇಲಿನ ಗೆರೆ ಮಸುಕಾಯಿತು. ವಾರ ಕಳೆಯುವಷ್ಟರಲ್ಲಿ ಮಗು ಮೊದಲಿನಂತೆ ಬೆಳಗಿನವರೆಗೂ ನಿದ್ದೆ ಮಾಡಿತು.

ಇನ್ನು ಮುಂದಿನದು ನೋಡಬೇಕಿತ್ತು. ಬೀದಿಯ ನಲ್ಲಿಯ ಹತ್ತಿರ ಬಾತ್ಮಾ ನೆರೆಯ ಹೆಂಗಸರನ್ನು ನಿಲ್ಲಿಸಿಕೊಂಡು ಹೇಳತೊಡಗಿದರು: "ಒಗೆದ ಬಟ್ಟೇನ ಬರೀ ನೀರಲ್ಲಿ ಅದ್ದಿ ಹಿಸುಕಿ ನೋಡ್ರೇ. ನೊರೆ ಬಂದ್ರೆ ನೀವು ಒಗೆದಿಲ್ಲ ಅಂತ. ನಾನು ಕಂಡುಹಿಡಿದೆ ಇದನ್ನ. ಅಳತೆ ಅಂದ್ರೆ ಜಿಪುಣತನ ಅಲ್ಲ, ಮರ್ಯಾದೆ." ಎರ್ಮೆಕ್ ರಾತ್ರಿ ಊಟಕ್ಕೆ ಕೂತು, "ನಾನು ಮೊದಲೇ ಹೇಳಿದ್ನಲ್ಲ, ನಲವತ್ತು ಒಗೆತ ಬರುತ್ತೆ ಅಂತ," ಎಂದ. ಬಾಟಲಿಯ ಹಿಂಬದಿಯನ್ನು ಮೊದಲ ದಿನವೇ ಓದಿ ಹೇಳಿದವಳು ಯಾರೆಂದು ಇಬ್ಬರಿಗೂ ನೆನಪಿರಲಿಲ್ಲ. ಬುರುಲ್ಚಾ ಸಾರು ಬಡಿಸಿದಳು. ಸೌಟು ಪಾತ್ರೆಗೆ ಸ್ವಲ್ಪ ಜೋರಾಗಿಯೇ ತಾಗಿತು.

ಅವಳ ತಾಯಿಯ ಕಣ್ಣಿನ ಮಾತು ಮತ್ತೆ ಬರಲಿಲ್ಲ. ತಪ್ಪಾಯಿತೆಂದು ಬಾತ್ಮಾ ಹೇಳಲೂ ಇಲ್ಲ. ಆದರೆ ಭಾನುವಾರ ಬೆಳಗ್ಗೆ ಕರಿದ ರೊಟ್ಟಿ ಒಂದು ಬುಟ್ಟಿ ತುಂಬಿ, ಮೇಲೆ ಒಣ ಮೊಸರುಂಡೆಗಳ ಒಂದು ಗಂಟು ಇಟ್ಟು, "ನಿನ್ನ ತಾಯಿಗೆ. ಖಾಲಿ ಕೈಯಲ್ಲಿ ಹೋಗ್ಬೇಡ. ಮಗೂಗೆ ಟೊಪ್ಪಿಗೆ ಹಾಕು," ಎಂದರು. ಅಷ್ಟೆ. ಎರ್ಮೆಕ್ ಲಾರಿಯ ಇಂಜಿನ್ ಬೆಚ್ಚಗೆ ಮಾಡಲು ಹೊರಗೆ ಹೋದ.

ಬುರುಲ್ಚಾ ಮಗುವನ್ನು ಸುತ್ತಿ ಮಲಗಿಸಿ, ಹೊರಡುವ ಮೊದಲು ಕಿಟಕಿಯ ಹತ್ತಿರ ಬಂದಳು. ನೀಲಿ ಬಾಟಲಿ ಈಗ ಎತ್ತರದ ಹಲಗೆಯ ಮೇಲಿತ್ತು. ಮುಚ್ಚಳ ಬಿಗಿಯಾಗಿತ್ತು. ಅದನ್ನು ಮುಟ್ಟಿ ನೋಡಿಕೊಂಡಳು. ಬಟ್ಟೆಯೊಳಗೆ ಕೂತ ಸೋಪು ಒಂದೇ ಸಲ ಜಾಲಿಸಿದರೆ ಹೋಗುವುದಿಲ್ಲ. ಮನುಷ್ಯರ ತಲೆಯೊಳಗೆ ಕೂತದ್ದು ಮಾತ್ರ ಒಂದು ಸಲ ಹೇಳಿದರೆ ಹೋಗುತ್ತದೆಂದು ತಾನು ಹೇಗೆ ನಂಬಿಕೊಂಡಿದ್ದೆ? ಎರಡು ವರ್ಷ ಒಂದೊಂದೇ ಸಲ ಹೇಳಿ ಸುಮ್ಮನಾಗಿದ್ದಳು. ಅದರಲ್ಲಿ ಹನ್ನೆರಡು ದಿನ ಈ ಮಗು ಕಿರುಚಿತ್ತು. ಇನ್ನು ಮಗುವಿನ ಮೈ ಮುಟ್ಟುವ, ಬಾಯಿ ಮುಟ್ಟುವ ಯಾವುದೇ ವಿಷಯವಿರಲಿ, ಮೂರು ಸಲ ಹೇಳುವುದು. ವಾದವೆಂದರೆ ವಾದ. ಮಾತು ತವರಿನ ಬಾಗಿಲು ತಟ್ಟುವುದಾದರೆ ತಟ್ಟಲಿ, ಅಲ್ಲಿ ಬಾಗಿಲು ತೆರೆಯುವವರಿದ್ದಾರೆ. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು, ಬುಟ್ಟಿ ಹಿಡಿದು, ಹೊರಗೆ ನಡೆದಳು.

ನಿಮ್ಮ ಮನೆಗೂ ಇಂದೋ ನಾಳೆಯೋ ಒಂದು ಹೊಸ ಬಾಟಲಿ ಬರುತ್ತದೆ, ಅಕ್ಕಂದಿರೇ, ಅಣ್ಣಂದಿರೇ. ತೆರೆಯುವ ಮೊದಲು ಅದರ ಹಿಂಬದಿ ಓದಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ. ಮೊದಲು ಒಂದು ಬಟ್ಟೆ ಒಗೆದು ನೋಡಿ. ಮುಚ್ಚಳದಲ್ಲಿ ಅಳೆದು ಹಾಕಿ, ಲೋಟದಲ್ಲಿ ಬೇಡ. ಒಗೆದಾದ ಮೇಲೆ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ. ಎಳೆ ಮಗುವಿನ ಬಟ್ಟೆಯಾದರೆ, ತೊಟ್ಟಿಲಿನದಾಗಲಿ ಜೋಳಿಗೆಯದಾಗಲಿ, ಮೂರು ನೀರು ಕಾಣಿಸಿ. ಇವತ್ತೇ ಪೆಟ್ಟಿಗೆಯಿಂದ ಒಂದು ಒಗೆದ ಬಟ್ಟೆ ತೆಗೆದು ಬರೀ ನೀರಿನಲ್ಲಿ ಹಿಸುಕಿ ನೋಡಿ. ನೊರೆ ಬಂದರೆ ಯಾರನ್ನೂ ಬೈಯಬೇಡಿ, ಇನ್ನೊಮ್ಮೆ ಜಾಲಿಸಿ. ಮಗುವಿನ ಮೈಮೇಲೆ ದದ್ದು ಕಂಡರೆ ನೆಂಟರ ಕಣ್ಣು ಹುಡುಕುವ ಮೊದಲು ದಾದಿಯ ಬಾಗಿಲು ತಟ್ಟಿ. ಇನ್ನು, ನಿಮ್ಮ ಮನೆಯಲ್ಲಿ ಟಬ್ಬಿನ ಮುಂದೆ ಕೂತವಳು ಒಂದು ಮಾತು ಹೇಳಿದರೆ, ಅವಳಿಂದ ಮೂರು ಸಲ ಹೇಳಿಸಬೇಡಿ. ಮೊದಲನೇ ಸಲವೇ ಕೇಳಿ.